ಗಾಯ ಸಣ್ಣದು, ನಿದ್ದೆ ಪೂರ್ತಿ

ವೈದ್ಯರ ಮುಂದೆಯೂ ವಕೀಲರ ಮುಂದೆಯೂ ಏನನ್ನೂ ಮುಚ್ಚಿಡಬಾರದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಮುಚ್ಚಿಡಬೇಕೆಂಬ ಮನಸ್ಸು ಎಳ್ಳಷ್ಟೂ ಇಲ್ಲದೆ, ಬರಿಯ ಮಾತಿನ ವ್ಯತ್ಯಾಸದಿಂದಲೇ ವಿಷಯ ಮುಚ್ಚಿಹೋಗುವ ಪ್ರಸಂಗಗಳೂ ಉಂಟು. ಅಂಥದೊಂದು ಪ್ರಸಂಗ ನಮ್ಮ ಮನೆಯಲ್ಲಿಯೇ ನಡೆಯಿತು. ಅದರಿಂದ ನಾವು ಕಲಿತದ್ದನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಕಾಸರಗೋಡಿನವರಿಗೆ ನಮ್ಮ ಊರುಗಳ ಪರಿಚಯ ಕಡಿಮೆ. ನಾವು ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುತ್ತಿರುವುದು ತೆಲಂಗಾಣದ ಜಹೀರಾಬಾದ್ ಕಡೆಯಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಷ್ಟೆ. ಅದೇ ದಿನ, ಅದುವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನ ಬಹುಭಾಗ ಮತ್ತು ಗುಲ್ಬರ್ಗ ಜಿಲ್ಲೆಯಲ್ಲಿದ್ದ ತಾಂಡೂರು ತಾಲೂಕು ಆಂಧ್ರಪ್ರದೇಶದ ಪಾಲಿಗೆ ಹೋದವು. ಈಗ ಮೊದಲೆರಡು ಊರುಗಳು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲೂ ಇವೆ. ನಮ್ಮಂಥವರ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಬಸ್ ನಿಲ್ದಾಣದಲ್ಲಿ ದಖನಿ ಉರ್ದು. ದಿನದ ಬಾಳಿಗೆ ಇದರಿಂದ ತೊಡಕೇನೂ ಇಲ್ಲ. ಆಸ್ಪತ್ರೆಯ ಬಾಗಿಲಿಗೆ ಹೋದಾಗ ಮಾತ್ರ ಒಂದೊಂದು ಶಬ್ದಕ್ಕೂ ಬೆಲೆ ಬರುತ್ತದೆ.

ನಾಲ್ಕು ತೂತಿನ ಆಪರೇಷನ್

ನಾರಾಯಣಖೇಡದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಅತ್ತೆಯವರಿಗೆ ಅರುವತ್ತೆರಡು ವಯಸ್ಸು. ಪಿತ್ತಕೋಶದಲ್ಲಿ ಕಲ್ಲು ಕಟ್ಟಿ, ಊಟವಾದ ಮೇಲೆ ಬಲ ಪಕ್ಕೆಯಲ್ಲಿ ನೋವು ಬರುತ್ತಿತ್ತು. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯದೆ, ಸಣ್ಣ ತೂತುಗಳ ಮೂಲಕ ಪಿತ್ತಕೋಶವನ್ನು ತೆಗೆಯುವುದೆಂದು ನಿಶ್ಚಯವಾಯಿತು. ತಾಂಡೂರಿನ ಕಲ್ಲಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಭಾವನವರು ಫೋನಿನಲ್ಲಿ ತಾಯಿಗೆ ಧೈರ್ಯ ಹೇಳಿದರು: "ನಾಕು ತೂತು ಹಾಕ್ತಾರ, ಅಷ್ಟ ಅವ್ವಾ. ಮರುದಿನ ಮನಿಗಿ ಕಳಸ್ತಾರ. ಅದೇನ್ ದೊಡ್ಡ ಆಪರೇಷನ್ ಅಲ್ಲ." ನಾವೂ ಹಾಗೆಯೇ ನಂಬಿದ್ದೆವು.

ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ಕೊಡುವ ಡಾಕ್ಟರರ ತಪಾಸಣೆ. ನಾವು ಹಣ ಕಟ್ಟುವ ಸಾಲಿನಲ್ಲಿದ್ದೆವು, ನಮ್ಮ ಮನೆಯವರು ರಕ್ತಪರೀಕ್ಷೆಯ ಕಾಗದ ತರಲು ಹೋಗಿದ್ದರು. ಅತ್ತೆಯವರೊಬ್ಬರೇ ಒಳಗೆ ಹೋಗಿ ಬಂದರು. ಎಲ್ಲ ಸರಿಯಾಯಿತೆಂದುಕೊಂಡೆವು.

ಮರುದಿನ ಬೆಳಗಿನ ಜಾವ ಅತ್ತೆಯವರು ಸೆರಗಿನ ಗಂಟು ಬಿಚ್ಚಿ ಮಗಳನ್ನು ಕೇಳಿದರು: "ನೀರು ಕೊಡವಾ, ಬಿ.ಪಿ. ಗುಳಿಗಿ ತಗೋತೀನಿ." ನಮಗೆ ದಿಗಿಲಾಯಿತು. ನಿನ್ನೆ ಡಾಕ್ಟರರಿಗೆ ಗುಳಿಗೆಯ ವಿಷಯ ಹೇಳಲಿಲ್ಲವೇ ಎಂದು ಕೇಳಿದೆವು. "ಗುಳಿಗಿ ಸುದ್ದಿ ಕೇಳೇ ಇಲ್ಲಲ್ರೀ ಮಾಸ್ತರ್ರ. ಮಂದು ತಗೋತೀರೇನಂತ ಕೇಳಿದ್ರು. ನಾ ಯಾಕ ಕುಡೀಲಿ? ಇಲ್ಲ ಅಂದೆ" ಎಂದರು.

ತೆಲುಗಿನಲ್ಲಿ 'ಮಂದು' ಎಂದರೆ ಔಷಧ. ಆದರೆ ನಮ್ಮ ಕಡೆಯ ಆಡುಮಾತಿನಲ್ಲಿ ಮಂದು ಎಂದರೆ ಹೆಂಡ, ಸಾರಾಯಿ. ನುಂಗುವ ಔಷಧಕ್ಕೆ ಗೋಲಿ ಎನ್ನುತ್ತಾರೆ, ಕನ್ನಡದವರು ಗುಳಿಗಿ ಎನ್ನುತ್ತಾರೆ. ಡಾಕ್ಟರರು ಪುಸ್ತಕದ ತೆಲುಗಿನಲ್ಲಿ ಕೇಳಿದರು, ಅತ್ತೆಯವರು ಊರಿನ ಅರ್ಥದಲ್ಲಿ ಉತ್ತರ ಕೊಟ್ಟರು. ಕಾಗದದ ಮೇಲೆ 'ಯಾವ ಔಷಧವೂ ಇಲ್ಲ' ಎಂದು ಬಿತ್ತು. ಕಾಸರಗೋಡಿನ ಓದುಗರಿಗೆ ಇದು ಹೊಸದೆನಿಸಲಾರದು. ನಿಮ್ಮಲ್ಲಿ ಮದ್ದು ಎಂದರೆ ಔಷಧ. ನಮ್ಮ ಕಡೆ 'ಮದ್ದು ಹಾಕಿದರು' ಎಂದರೆ ಮಾಟದ ಮಾತು. ಕನ್ನಡ ಕನ್ನಡದೊಳಗೇ ಇಷ್ಟು ದೂರವಿರುವಾಗ ಬೇರೆ ಭಾಷೆಯ ಸಂಗತಿ ಹೇಳಬೇಕೇ!

ನಾವು ಗುಳಿಗೆಯ ಪಟ್ಟಿಗಳನ್ನು ಹಿಡಿದುಕೊಂಡು ಅರಿವಳಿಕೆಯ ಡಾಕ್ಟರಮ್ಮನವರನ್ನು ಹುಡುಕಿಕೊಂಡು ಹೋದೆವು. ಕಥೆ ಕೇಳಿ ಅವರು ಮೊದಲು ನಕ್ಕರು, ಆಮೇಲೆ ಗಂಭೀರರಾದರು. "ನಾಡಿ 58 ಇದ್ದುದನ್ನು ನೋಡಿ ನನಗೆ ಸಂಶಯ ಬಂದಿತ್ತು, ನಾನೇ ಇನ್ನೊಮ್ಮೆ ಕೇಳಬೇಕಿತ್ತು" ಎಂದರು. ಒಂದು ಪಟ್ಟಿ ಅಟೆನೊಲಾಲ್, ಇನ್ನೊಂದು ಟೆಲ್ಮಿಸಾರ್ಟಾನ್. ಮೊದಲನೆಯದನ್ನು ಒಂದು ಗುಟುಕು ನೀರಿನಲ್ಲಿ ಈಗಲೇ ನುಂಗಿಸಿರಿ, ಎರಡನೆಯದನ್ನು ಇಂದು ಕೊಡಬೇಡಿರಿ ಎಂದು ಹೇಳಿ ಕಾಗದವನ್ನು ತಿದ್ದಿದರು. ಎರಡೂ ಬಿ.ಪಿ. ಗುಳಿಗೆಗಳೇ. ಒಂದು ಬೇಕು, ಒಂದು ಬೇಡವೆಂದರೆ ಏನರ್ಥ? ಆಪರೇಷನ್ ಮುಗಿದ ಮೇಲೆ ಡಾಕ್ಟರಮ್ಮನವರು ತೆಲುಗು, ಹಿಂದಿ, ಇಂಗ್ಲಿಷ್ ಬೆರೆಸಿ ನಮಗೆ ವಿವರಿಸಿದರು. ಆ ಬಳಿಕ ಪುಸ್ತಕಗಳನ್ನು ನೋಡಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಹೊಟ್ಟೆಯೊಳಗೆ ಅನಿಲ

ತೂತಿನ ಮೂಲಕ ಪಿತ್ತಕೋಶ ತೆಗೆಯುವ ವಿದ್ಯೆ ಬಹಳ ಹಳೆಯದಲ್ಲ. ಜರ್ಮನಿಯ ಎರಿಕ್ ಮ್ಯೂಹೆ ಎಂಬ ಶಸ್ತ್ರವೈದ್ಯರು 1985ರಲ್ಲಿ ಇದನ್ನು ಮೊದಲು ಮಾಡಿದರು. ಭಾರತದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ಆರಂಭಿಸಿದರು. ಈಗ ಜಿಲ್ಲಾ ಕೇಂದ್ರದ ಆಸ್ಪತ್ರೆಗಳಲ್ಲಿಯೂ ನಡೆಯುತ್ತದೆ.

ಮುಚ್ಚಿದ ಹೊಟ್ಟೆಯೊಳಗೆ ದುರ್ಬೀನು ತೂರಿಸಿದರೆ ಏನೂ ಕಾಣದು. ಕರುಳು, ಯಕೃತ್ತು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆದ್ದರಿಂದ ಮೊದಲು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೊಟ್ಟೆಯೊಳಗೆ ತುಂಬಿಸಿ, ಗೋಡೆಯನ್ನು ಡೇರೆಯಂತೆ ಮೇಲೆತ್ತುತ್ತಾರೆ. ಈ ಅನಿಲವೇ ಏಕೆ? ಅದು ಬೆಂಕಿ ಹತ್ತುವುದಿಲ್ಲ; ಒಳಗೆ ವಿದ್ಯುತ್ತಿನಿಂದ ರಕ್ತನಾಳ ಸುಡುವಾಗ ಅಪಾಯವಿಲ್ಲ. ರಕ್ತದಲ್ಲಿ ಬೇಗ ಕರಗಿ ಶ್ವಾಸಕೋಶದ ಮೂಲಕ ಹೊರಗೆ ಹೋಗುತ್ತದೆ.

ಅನಿಲದ ಒತ್ತಡ ಸಾಮಾನ್ಯವಾಗಿ ಪಾದರಸದ 12ರಿಂದ 15 ಮಿಲಿಮೀಟರ್. ಅಪಧಮನಿಯ ಒತ್ತಡ 120 ಇರುವಾಗ ಇದೇನು ದೊಡ್ಡದು ಎನ್ನಬಹುದು. ಆದರೆ ಕಾಲಿನಿಂದ ಹೃದಯಕ್ಕೆ ರಕ್ತವನ್ನು ಮರಳಿ ತರುವ ಅಭಿಧಮನಿಗಳ ಒಳಗಿನ ಒತ್ತಡ ಬಹಳ ಕಡಿಮೆ. ಹೊರಗಿನಿಂದ 15ರ ಒತ್ತಡ ಬಿದ್ದರೆ ಆ ನಾಳಗಳು ಚಪ್ಪಟೆಯಾಗುತ್ತವೆ. ಬಾವಿಯಿಂದ ಮೋಟಾರಿಗೆ ಬರುವ ಕೊಳವೆಯನ್ನು ಹಿಚುಕಿದಂತೆ, ಹೃದಯಕ್ಕೆ ಬರುವ ರಕ್ತ ಕಡಿಮೆಯಾಗುತ್ತದೆ. ಇತ್ತ ಅಪಧಮನಿಗಳು ಬಿಗಿದುಕೊಳ್ಳುವುದರಿಂದ ಒತ್ತಡ ಏರಿದಂತೆ ತೋರುತ್ತದೆ. ಎಂದರೆ ಹೃದಯ ಸಾಗಿಸುವ ರಕ್ತ ಕಡಿಮೆಯಾಗಿದ್ದರೂ ಯಂತ್ರದ ಮೇಲೆ ಬಿ.ಪಿ. ಹೆಚ್ಚು ಎಂದು ಕಾಣಬಹುದು.

ಇದಲ್ಲದೆ ಪಿತ್ತಕೋಶದ ಆಪರೇಷನ್ನಿನಲ್ಲಿ ಕರುಳು ಕೆಳಗೆ ಸರಿಯಲೆಂದು ಮೇಜಿನ ತಲೆಯ ಭಾಗವನ್ನು ಎತ್ತುತ್ತಾರೆ. ಆಗ ರಕ್ತ ಕಾಲುಗಳ ಕಡೆ ಇಳಿದು ನಿಲ್ಲುತ್ತದೆ, ಒತ್ತಡ ಕುಸಿಯುತ್ತದೆ. ಹೊಟ್ಟೆಯ ಒಳಪೊರೆ ಒಮ್ಮೆಲೇ ಹಿಗ್ಗಿದರೆ ವೇಗಸ್ ಎಂಬ ನರ ಕೆರಳಿ ನಾಡಿ ತಟ್ಟನೆ ನಿಧಾನವಾಗುವುದೂ ಉಂಟು. ಚರ್ಮದ ಮೇಲಿನ ಗಾಯ ಬೆರಳಿನಷ್ಟೇ ಇರಬಹುದು. ಒಳಗೆ ಹೃದಯ, ಶ್ವಾಸಕೋಶಗಳ ಮೇಲೆ ಬೀಳುವ ಹೊರೆ ಸಣ್ಣದಲ್ಲ. 'ಬರೀ ನಾಕು ತೂತು' ಎಂಬ ನಮ್ಮ ಭಾವನವರ ಮಾತು ಅರ್ಧ ಮಾತ್ರ ನಿಜ.

ಹೈದರಾಬಾದಿನ ಹಳೆಯ ಪ್ರಶ್ನೆ

ನಿದ್ದೆಯಲ್ಲಿರುವ ರೋಗಿಯ ಯಾವ ಲಕ್ಷಣವನ್ನು ಕಾಯಬೇಕು? ಉಸಿರನ್ನೋ, ನಾಡಿಯನ್ನೋ? ಈ ಪ್ರಶ್ನೆಯ ಮೇಲೆ ಒಂದು ಕಾಲಕ್ಕೆ ಜಗತ್ತಿನ ಕಣ್ಣು ಹೈದರಾಬಾದಿನ ಮೇಲಿತ್ತೆಂಬುದು ನಮ್ಮ ಜನರಿಗೆ ಹೆಚ್ಚು ತಿಳಿಯದು. ನಮ್ಮ ಮೂರೂ ಊರುಗಳು ಆಗ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಅದನ್ನಿಲ್ಲಿ ಸ್ಮರಿಸಬಹುದು.

1847ರಿಂದ ಕ್ಲೋರೊಫಾರ್ಮ್ ಬಳಕೆಗೆ ಬಂತು. ಮರುವರ್ಷವೇ ಇಂಗ್ಲೆಂಡಿನಲ್ಲಿ ಹನ್ನಾ ಗ್ರೀನರ್ ಎಂಬ ಹದಿನೈದರ ಹುಡುಗಿ, ಕಾಲುಗುರು ತೆಗೆಯಲು ಕ್ಲೋರೊಫಾರ್ಮ್ ಕೊಟ್ಟಾಗ ತೀರಿಕೊಂಡಳು. ಅದು ಉಸಿರು ನಿಲ್ಲಿಸಿ ಕೊಲ್ಲುತ್ತದೆಯೇ, ಹೃದಯ ನಿಲ್ಲಿಸಿ ಕೊಲ್ಲುತ್ತದೆಯೇ ಎಂಬ ವಾದ ನಲುವತ್ತು ವರ್ಷ ನಡೆಯಿತು. ಹೈದರಾಬಾದಿನ ರೆಸಿಡೆನ್ಸಿ ಶಸ್ತ್ರವೈದ್ಯ ಎಡ್ವರ್ಡ್ ಲಾರಿ, ಉಸಿರನ್ನು ಮಾತ್ರ ಕಾದರೆ ಸಾಕು ಎಂಬ ಪಕ್ಷದವರು. ಆರನೆಯ ನಿಜಾಮ್ ಮೀರ್ ಮಹಬೂಬ್ ಅಲಿಖಾನರ ಸರಕಾರದ ಆಶ್ರಯದಲ್ಲಿ 1888ರಲ್ಲಿ ಮೊದಲ ಕ್ಲೋರೊಫಾರ್ಮ್ ಆಯೋಗ ಕೆಲಸ ಮಾಡಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಅದರ ತೀರ್ಮಾನವನ್ನು ಒಪ್ಪಲಿಲ್ಲ. ಹಾಗಾದರೆ ನಿಮ್ಮವರನ್ನೇ ಕಳುಹಿಸಿರಿ ಎಂದು ನಿಜಾಮ್ ಸರಕಾರ 1,000 ಪೌಂಡು ಕೊಟ್ಟಿತು. 1889ರಲ್ಲಿ ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ವಿಜ್ಞಾನಿ ಹೈದರಾಬಾದಿಗೆ ಬಂದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ತಿರುಗುವ ಉರುಳೆಯ ಮೇಲಿನ ಕಾಗದದಲ್ಲಿ ರಕ್ತದೊತ್ತಡದ ಏರಿಳಿತವನ್ನು ಗೆರೆಯಾಗಿ ಬರೆದುಕೊಂಡರು. ಹೈದರಾಬಾದಿನ ವೈದ್ಯಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದುನ್‌ಜಿ ಅವರೂ ಈ ಕಾರ್ಯದಲ್ಲಿ ಭಾಗವಹಿಸಿದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಅವರನ್ನು ಅನೇಕರು ಕರೆಯುತ್ತಾರೆ.

ಉಸಿರೇ ಮೊದಲು ನಿಲ್ಲುತ್ತದೆ, ಒತ್ತಡ ಇಳಿಯುವುದರಿಂದ ತಾನಾಗಿ ಅಪಾಯವಿಲ್ಲ ಎಂದು ಆಯೋಗ ಹೇಳಿತು. ಆದರೆ 1911ರಲ್ಲಿ ಲೆವಿ ಎಂಬ ಇಂಗ್ಲಿಷ್ ವೈದ್ಯರು, ಕ್ಲೋರೊಫಾರ್ಮಿನ ನಿದ್ದೆ ತೆಳುವಾಗಿರುವಾಗಲೇ ಹೃದಯ ಲಯ ತಪ್ಪಿ ನಿಲ್ಲಬಹುದೆಂದು ತೋರಿಸಿಕೊಟ್ಟರು. ಲಾರಿಯವರ ಮಾತು ಪೂರ್ತಿ ಸರಿಯಾಗಿರಲಿಲ್ಲ. ಉಸಿರನ್ನು ಕಾಯಬೇಕು ಎಂಬುದು ಸತ್ಯವೇ. ಅದೊಂದನ್ನೇ ಕಾದರೆ ಸಾಕು ಎಂಬುದು ತಪ್ಪು. ಇಂದು ಉಸಿರು, ನಾಡಿ, ಒತ್ತಡ, ರಕ್ತದ ಆಮ್ಲಜನಕ, ಹೊರಬರುವ ಅನಿಲ ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಒಂದನ್ನೇ ನಂಬಬಾರದೆಂಬ ಪಾಠ ಈ ಹಳೆಯ ವಾದದಿಂದಲೇ ಬಂದುದು.

ನಿದ್ದೆಯ ಆಳ

ಈಥರ್ ಕಾಲದಲ್ಲಿ ನಿದ್ದೆಯ ಆಳ ತಿಳಿಯುವುದು ಸುಲಭವಾಗಿತ್ತು. ರೋಗಿ ತಾನೇ ಉಸಿರಾಡುತ್ತಿದ್ದ. ಉಸಿರಿನ ರೀತಿ, ಕಣ್ಣಿನ ಪಾಪೆ, ಮೈಯ ಬಿಗಿ ನೋಡಿ ಇಂಥ ಹಂತ ಎಂದು ಹೇಳುತ್ತಿದ್ದರು. ಅಮೆರಿಕದ ಆರ್ಥರ್ ಗೆಡೆಲ್ ಎಂಬವರು ಈ ಹಂತಗಳನ್ನು ಕ್ರಮಪಡಿಸಿ ಬರೆದರು. ಆದರೆ 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಅವರು ಕ್ಯುರಾರೆ ಎಂಬ, ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಆಪರೇಷನ್ನಿನಲ್ಲಿ ಬಳಸಿದ ಮೇಲೆ ಸಂಗತಿ ಬದಲಾಯಿತು.

ಈಗ ತೂತಿನ ಆಪರೇಷನ್ನಿಗೆ ಸಾಮಾನ್ಯವಾಗಿ ಮೂರು ಬಗೆಯ ಔಷಧ ಬೇಕು. ಅರಿವು ಹೋಗಲು ಒಂದು, ನೋವು ತಡೆಯಲು ಒಂದು, ಸ್ನಾಯು ಸಡಿಲವಾಗಲು ಒಂದು. ಮೂರನೆಯದು ಕೊಟ್ಟ ಮೇಲೆ ರೋಗಿ ಬೆರಳನ್ನೂ ಅಲ್ಲಾಡಿಸಲಾರ, ಯಂತ್ರವೇ ಉಸಿರಾಡಿಸಬೇಕು. ಅಕಸ್ಮಾತ್ ನಿದ್ದೆ ತೆಳುವಾಗಿ ಎಚ್ಚರ ಬಂದರೂ 'ನನಗೆ ಗೊತ್ತಾಗುತ್ತಿದೆ' ಎಂದು ಹೇಳುವ ದಾರಿಯಿಲ್ಲ. ಇದು ಅಪರೂಪ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದು 2014ರಲ್ಲಿ ಪ್ರಕಟವಾಯಿತು. ಪೂರ್ತಿ ಅರಿವಳಿಕೆ ಪಡೆದ ಸುಮಾರು 19,000 ಮಂದಿಯಲ್ಲಿ ಒಬ್ಬರು, ಸ್ನಾಯು ಸಡಿಲಿಸುವ ಔಷಧ ಪಡೆದವರಲ್ಲಾದರೆ ಸುಮಾರು 8,000ಕ್ಕೆ ಒಬ್ಬರು ಎಚ್ಚರವಾಗಿದ್ದುದಾಗಿ ಹೇಳಿದ್ದರು. ಅಪರೂಪವೆಂದು ಕಡೆಗಣಿಸುವಂತಿಲ್ಲ, ಅನುಭವಿಸಿದವರ ಮನಸ್ಸಿನಿಂದ ಅದು ಬೇಗ ಅಳಿಯುವುದಿಲ್ಲ.

ನಿದ್ದೆ ತೆಳುವಾದರೆ ದೇಹ ಕೆಲವು ಸುಳಿವು ಕೊಡುತ್ತದೆ. ನಾಡಿ ಓಡುತ್ತದೆ, ಒತ್ತಡ ಏರುತ್ತದೆ, ಬೆವರು ಬರುತ್ತದೆ, ಮುಚ್ಚಿದ ಕಣ್ಣಿನಲ್ಲಿ ನೀರು ತುಂಬುತ್ತದೆ. ಅತ್ತೆಯವರ ಅಟೆನೊಲಾಲ್ ಗುಳಿಗೆಯ ವಿಷಯ ಬರುವುದು ಇಲ್ಲಿಯೇ. ಆ ಜಾತಿಯ ಔಷಧ ನಾಡಿಯನ್ನು ಓಡಗೊಡುವುದಿಲ್ಲ. ನೋವಿದ್ದರೂ, ನಿದ್ದೆ ತೆಳುವಾದರೂ ನಾಡಿ 60ರ ಆಸುಪಾಸಿನಲ್ಲೇ ಇರಬಹುದು. ಗುಳಿಗೆಯ ವಿಷಯ ತಿಳಿಯದ ಡಾಕ್ಟರರು 'ನಾಡಿ ಶಾಂತವಾಗಿದೆ, ನಿದ್ದೆ ಚೆನ್ನಾಗಿದೆ' ಎಂದುಕೊಳ್ಳಬಹುದು. ತಿಳಿದವರು ಆ ಒಂದು ಸುಳಿವನ್ನು ಬದಿಗಿಟ್ಟು ಬೇರೆಯವನ್ನು ನೋಡುತ್ತಾರೆ.

ಬೇರೆಯವು ಯಾವುವು? ಒಂದು, ಉಸಿರಿನೊಂದಿಗೆ ಹೊರಬರುವ ಅರಿವಳಿಕೆ ಆವಿಯ ಪ್ರಮಾಣ. ಈಗ ಹೆಚ್ಚಾಗಿ ಬಳಸುವ ಸೆವೊಫ್ಲುರೇನ್ ಎಂಬ ಆವಿ ಉಸಿರಿನಲ್ಲಿ ನೂರಕ್ಕೆ ಸುಮಾರು 2ರಷ್ಟಿದ್ದರೆ, ನಡುವಯಸ್ಸಿನ ನೂರು ಮಂದಿಯಲ್ಲಿ ಐವತ್ತು ಮಂದಿ ಕತ್ತಿ ತಾಗಿದರೂ ಮಿಸುಕುವುದಿಲ್ಲ. ವಯಸ್ಸಾದಂತೆ ಕಡಿಮೆ ಸಾಕು. ಇನ್ನೊಂದು, ಹಣೆಗೆ ಪಟ್ಟಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಓದುವ ಬಿಸ್ ಎಂಬ ಯಂತ್ರ. ಅದು 0ಯಿಂದ 100ರವರೆಗೆ ಒಂದು ಅಂಕಿ ತೋರಿಸುತ್ತದೆ. ಪೂರ್ಣ ಎಚ್ಚರವಿದ್ದವರಿಗೆ 100ರ ಹತ್ತಿರ. ಆಪರೇಷನ್ನಿಗೆ 40ರಿಂದ 60ರ ನಡುವೆ ಇರುವಂತೆ ನೋಡಿಕೊಳ್ಳುತ್ತಾರೆ. 40ಕ್ಕಿಂತ ಬಹಳ ಕೆಳಗಿಳಿದರೆ ನಿದ್ದೆ ಬೇಕಾದುದಕ್ಕಿಂತ ಆಳವಾಯಿತೆಂದು ಅರ್ಥ. ಆಗ ಒತ್ತಡವೂ ಕುಸಿಯಬಹುದು.

ಬಿಸ್ ಇದ್ದರೆ ಎಲ್ಲ ಕ್ಷೇಮ ಎಂದೂ ತಿಳಿಯಬಾರದು. ಹಣೆಯ ಸ್ನಾಯುವಿನ ಮಿಡಿತದಿಂದಲೂ ಕೆಟಮಿನ್‌ನಂಥ ಕೆಲವು ಔಷಧಗಳಿಂದಲೂ ಅಂಕಿ ದಾರಿ ತಪ್ಪಿಸಬಹುದು. 2008 ಮತ್ತು 2011ರಲ್ಲಿ ಪ್ರಕಟವಾದ ಎರಡು ಅಮೆರಿಕನ್ ಅಧ್ಯಯನಗಳಲ್ಲಿ, ಆವಿಯ ಪ್ರಮಾಣವನ್ನು ಎಚ್ಚರಿಕೆಯಿಂದ ಕಾಯುವುದಕ್ಕಿಂತ ಬಿಸ್ ಮೇಲೆಂದು ಕಂಡುಬರಲಿಲ್ಲ. ಆದ್ದರಿಂದ ಚಿಕ್ಕ ಊರಿನ ಆಸ್ಪತ್ರೆಯಲ್ಲಿ ಆ ಯಂತ್ರ ಇಲ್ಲವೆಂದ ಮಾತ್ರಕ್ಕೆ ಗಾಬರಿಪಡಬೇಕಾಗಿಲ್ಲ. ಪೂರ್ತಿ ಸಮಯ ರೋಗಿಯ ತಲೆಯ ಹತ್ತಿರ ಅರಿವಳಿಕೆ ತಜ್ಞರೊಬ್ಬರು ಇರುತ್ತಾರೆಯೇ ಎಂಬುದೇ ನಾವು ಕೇಳಬೇಕಾದ ಮುಖ್ಯ ಪ್ರಶ್ನೆ.

ಒತ್ತಡದ ಏರಿಳಿತ

ಆಪರೇಷನ್ ಕೋಣೆಯಲ್ಲಿ ಬಿ.ಪಿ. ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆಯಾದರೂ ನೋಡುತ್ತಾರೆ. ಮೇಲಿನ ಅಂಕಿ, ಕೆಳಗಿನ ಅಂಕಿಗಳಿಗಿಂತ ಸರಾಸರಿಗೆ ಅವರು ಹೆಚ್ಚು ಗಮನ ಕೊಡುತ್ತಾರೆ. ಲೆಕ್ಕ ಸುಲಭ. ಎರಡು ಅಂಕಿಗಳ ವ್ಯತ್ಯಾಸದ ಮೂರನೆಯ ಒಂದು ಪಾಲನ್ನು ಕೆಳಗಿನ ಅಂಕಿಗೆ ಕೂಡಿಸಬೇಕು. 120 ಮತ್ತು 80 ಇದ್ದರೆ ಸರಾಸರಿ ಸುಮಾರು 93. ಇದು 65ಕ್ಕಿಂತ ಕೆಳಗೆ ಹೆಚ್ಚು ಹೊತ್ತು ನಿಲ್ಲಬಾರದೆಂಬುದು ಸಾಮಾನ್ಯ ನಿಯಮ. ನಿಂತರೆ ಮೂತ್ರಪಿಂಡ, ಹೃದಯಗಳಿಗೆ ಪೆಟ್ಟು. ಹಲವು ವರ್ಷದಿಂದ ಬಿ.ಪಿ. ಇರುವವರಿಗೆ ಇನ್ನೂ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ. ಆದ್ದರಿಂದಲೇ ರೋಗಿಯ ದಿನನಿತ್ಯದ ಬಿ.ಪಿ. ಎಷ್ಟೆಂದು ಡಾಕ್ಟರರಿಗೆ ತಿಳಿದಿರಬೇಕು.

ಒತ್ತಡ ಏರಿತೆಂದು ಕಂಡ ಕೂಡಲೇ ಅದನ್ನು ಇಳಿಸುವ ಇಂಜೆಕ್ಷನ್ ಕೊಡುವುದು ಸರಿಯಲ್ಲವೆಂದು ಡಾಕ್ಟರಮ್ಮನವರು ಒತ್ತಿ ಹೇಳಿದರು. ಮೊದಲು ಕಾರಣ ಹುಡುಕಬೇಕು. ನಿದ್ದೆ ತೆಳುವಾಗಿದೆಯೇ? ಹಾಗಿದ್ದರೆ ಆವಿ ಹೆಚ್ಚಿಸಬೇಕು. ನೋವೇ? ನೋವಿನ ಔಷಧ ಕೊಡಬೇಕು. ಹೊಟ್ಟೆಯೊಳಗಿನ ಅನಿಲದ ಒತ್ತಡ ಹೆಚ್ಚಾಯಿತೇ? ಶಸ್ತ್ರವೈದ್ಯರಿಗೆ ಹೇಳಿ ಕಡಿಮೆ ಮಾಡಿಸಬೇಕು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡಿತೇ? ಉಸಿರಿನ ಕೊನೆಯಲ್ಲಿ ಅಳೆಯುವ ಆ ಅನಿಲದ ಅಂಕಿ 35ರಿಂದ 45ರೊಳಗಿರಬೇಕು; ಮೀರಿದರೆ ಯಂತ್ರದ ಉಸಿರಾಟ ಹೆಚ್ಚಿಸಬೇಕು. ಇದೊಂದನ್ನೂ ನೋಡದೆ ಬರಿಯ ಒತ್ತಡವನ್ನು ಇಳಿಸಿಬಿಟ್ಟರೆ, ಎಚ್ಚರಗೊಳ್ಳುತ್ತಿರುವ ರೋಗಿಯ ಇನ್ನೊಂದು ಸುಳಿವನ್ನೂ ಅಳಿಸಿದಂತಾಗುತ್ತದೆ.

ಇಳಿದಾಗಲೂ ಹಾಗೆಯೇ. ನಿದ್ದೆಯ ಮೊದಲ ಇಂಜೆಕ್ಷನ್ನಿನಿಂದ ರಕ್ತನಾಳಗಳು ಸಡಿಲವಾಗಿ ಒತ್ತಡ ಇಳಿಯುತ್ತದೆ. ಅದರ ಮೇಲೆ ಆ ಬೆಳಿಗ್ಗೆ ಟೆಲ್ಮಿಸಾರ್ಟಾನ್ ಜಾತಿಯ ಗುಳಿಗೆಯನ್ನೂ ನುಂಗಿದ್ದರೆ, ದೇಹ ತಾನಾಗಿ ಒತ್ತಡವನ್ನು ಮೇಲೆತ್ತುವ ಒಂದು ದಾರಿಯೂ ಮುಚ್ಚಿರುತ್ತದೆ. ಎತ್ತುವ ಔಷಧಕ್ಕೂ ಒಮ್ಮೊಮ್ಮೆ ಬೇಗ ಬಗ್ಗುವುದಿಲ್ಲ. ಅದಕ್ಕೇ ಹಲವು ಡಾಕ್ಟರರು ಆ ಗುಳಿಗೆಯನ್ನು ಒಂದು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಅಟೆನೊಲಾಲ್ ಜಾತಿಯದನ್ನು ದಿನವೂ ತೆಗೆದುಕೊಳ್ಳುವವರು ಒಮ್ಮೆಲೇ ನಿಲ್ಲಿಸಿದರೆ ಹೃದಯಕ್ಕೆ ತೊಂದರೆ. ಅದನ್ನು ಮುಂದುವರಿಸಲು ಹೇಳುತ್ತಾರೆ. ಒಂದು ಬೇಕು, ಒಂದು ಬೇಡ ಎಂದುದರ ಗುಟ್ಟು ಇದು. ಇದನ್ನೋದಿ ಯಾರೂ ತಾವಾಗಿ ಗುಳಿಗೆ ನಿಲ್ಲಿಸಬಾರದು, ನುಂಗಲೂ ಬಾರದು. ಯಾವುದು, ಯಾವಾಗ ಎಂಬುದನ್ನು ಆಯಾ ರೋಗಿಯನ್ನು ನೋಡಿದ ಡಾಕ್ಟರರೇ ಹೇಳಬೇಕು.

ಅತ್ತೆಯವರ ಆಪರೇಷನ್ನಿನಲ್ಲಿ ಏನಾಯಿತೆಂದು ಡಾಕ್ಟರಮ್ಮನವರು ಪಟ್ಟಿ ತೋರಿಸಿ ಹೇಳಿದರು. ನಿದ್ದೆ ಬರಿಸಿದ ಮೇಲೆ ಒತ್ತಡ 148ರಿಂದ 98ಕ್ಕೆ ಇಳಿಯಿತು, ಅದು ನಿರೀಕ್ಷಿಸಿದ್ದೇ. ಹೊಟ್ಟೆಗೆ ಅನಿಲ ತುಂಬತೊಡಗಿದಾಗ ನಾಡಿ 42ಕ್ಕೆ ಬಿತ್ತು. ಕೂಡಲೇ ಅನಿಲ ನಿಲ್ಲಿಸಿ, ಇದ್ದುದನ್ನು ಹೊರಬಿಡಿಸಿ, ಅಟ್ರೊಪಿನ್ ಕೊಟ್ಟರು. ನಾಡಿ ಮೇಲೆ ಬಂತು. ಎರಡನೆಯ ಸಲ ನಿಧಾನವಾಗಿ, ಕಡಿಮೆ ಒತ್ತಡದಲ್ಲಿ ತುಂಬಿಸಿ ಕೆಲಸ ಮುಗಿಸಿದರು. "ಗುಳಿಗೆಯ ವಿಷಯ ಗೊತ್ತಿದ್ದುದರಿಂದ ಮೊದಲೇ ಸಿರಿಂಜಿನಲ್ಲಿ ಔಷಧ ತುಂಬಿಟ್ಟುಕೊಂಡಿದ್ದೆ" ಎಂದರು ಅವರು. ಬೆಳಗಿನ ಜಾವ ಅತ್ತೆಯವರು ಸೆರಗಿನ ಗಂಟು ಬಿಚ್ಚದೆ ಇದ್ದಿದ್ದರೆ ಎಂದು ನೆನೆದು ನಮ್ಮ ಮೈ ಜುಮ್ಮೆಂದಿತು.

ಮರುದಿನ ಅತ್ತೆಯವರಿಗೆ ಬಲ ಭುಜದಲ್ಲಿ ನೋವು. ಹೃದಯದ್ದೇ ಏನೋ ಎಂದು ಹೆದರಿದರು. ನೋಡಿದ ಡಾಕ್ಟರರು, ಇದು ಹೊಟ್ಟೆಯಲ್ಲಿ ಉಳಿದ ಅನಿಲ ವಪೆಯನ್ನು ಕೆಣಕುವುದರಿಂದ ಬರುವ ನೋವು, ಎರಡು ಮೂರು ದಿನದಲ್ಲಿ ಹೋಗುತ್ತದೆ ಎಂದರು. ಹಾಗೆಯೇ ಹೋಯಿತು.

ನಾವು ಹೇಳಬೇಕಾದ ಮಾತುಗಳು

ಅರಿವಳಿಕೆಯ ತಪಾಸಣೆಗೆ ಹಿರಿಯರನ್ನು ಒಬ್ಬರನ್ನೇ ಒಳಗೆ ಕಳುಹಿಸಬಾರದು. ಮನೆಯ ಮಾತು ಮತ್ತು ಡಾಕ್ಟರರ ಮಾತು ಎರಡೂ ಬಲ್ಲವರೊಬ್ಬರು ಜೊತೆಗಿರಬೇಕು. ಗುಳಿಗೆಯ ಹೆಸರು ಹೇಳಲು ಬಾರದಿದ್ದರೆ ಪಟ್ಟಿಯನ್ನೇ ಕೊಂಡೊಯ್ಯಬೇಕು. ಪಟ್ಟಿಗೆ ಭಾಷೆಯ ತೊಡಕಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಗುಳಿಗೆ, ಉಬ್ಬಸದ ಔಷಧ, ನಾಟಿ ಔಷಧ, ಕಷಾಯ ಎಲ್ಲವನ್ನೂ ತೋರಿಸಬೇಕು. ಹಿಂದೆ ಅರಿವಳಿಕೆ ಪಡೆದಾಗ ತೊಂದರೆಯಾಗಿತ್ತೇ, ಮನೆತನದಲ್ಲಿ ಯಾರಿಗಾದರೂ ಆಗಿತ್ತೇ, ಯಾವುದಾದರೂ ಔಷಧ ಒಗ್ಗುವುದಿಲ್ಲವೇ, ಹಲ್ಲು ಅಲ್ಲಾಡುತ್ತದೆಯೇ, ಗೊರಕೆ ಬಹಳವೇ, ಬೀಡಿ, ತಂಬಾಕು, ಕುಡಿತ ಉಂಟೇ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು.

ಉಪವಾಸದ ವಿಷಯದಲ್ಲಿ ಸುಳ್ಳು ಹೇಳಲೇಬಾರದು. ಸಾಮಾನ್ಯವಾಗಿ ಲಘು ಆಹಾರಕ್ಕೆ 6 ಗಂಟೆ, ಬರಿಯ ನೀರಿಗೆ 2 ಗಂಟೆಯ ಅಂತರ ಬೇಕೆನ್ನುತ್ತಾರೆ. ಆಸ್ಪತ್ರೆಯವರು ಹೇಳಿದ ಸಮಯವೇ ಅಂತಿಮ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬಾರದು. 'ಒಂದು ಕಪ್ ಚಾ, ಅದರಲ್ಲೇನಿದೆ' ಎಂದು ಕುಡಿಸುವ ಪ್ರೀತಿಯ ನೆಂಟರಿದ್ದಾರೆ. ನಿದ್ದೆಯಲ್ಲಿ ಅದು ಹೊಟ್ಟೆಯಿಂದ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ.

ಡಾಕ್ಟರರ ಪ್ರಶ್ನೆ ತಿಳಿಯದಿದ್ದರೆ ತಲೆಯಾಡಿಸಿ ಬರಬಾರದು. ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿರಿ ಎನ್ನುವುದಕ್ಕೆ ನಾಚಿಕೆ ಬೇಡ. ನಮ್ಮ ಕಡೆಯವರು ಹೈದರಾಬಾದಿಗೆ ಹೋದಾಗ ಇದು ಎಷ್ಟು ಸತ್ಯವೋ, ಕಾಸರಗೋಡಿನ ಕನ್ನಡಿಗರು ಕಣ್ಣೂರು, ಪರಿಯಾರಂ ಕಡೆ ಹೋದಾಗಲೂ ಅಷ್ಟೇ ಸತ್ಯ. ಬೇರೆ ಭಾಷೆಯ ಡಾಕ್ಟರರು ನಮ್ಮ ಶತ್ರುಗಳಲ್ಲ. ನಮ್ಮ ಜೀವ ಕಾಯಲು ಅವರಿಗೆ ನಮ್ಮಿಂದ ಸರಿಯಾದ ಸುದ್ದಿ ಬೇಕು, ಅಷ್ಟೆ.

ಊರಿಗೆ ಮರಳಿದ ಮೇಲೆ ನಾವು ಒಂದು ಕೆಲಸ ಮಾಡಿದೆವು. ನಮ್ಮ ಎಂಟನೆಯ ತರಗತಿಯ ಮಕ್ಕಳಿಗೆ, ಮನೆಯ ಅಜ್ಜ ಅಜ್ಜಿಯರು ನುಂಗುವ ಗುಳಿಗೆಗಳ ಹೆಸರನ್ನು ಪಟ್ಟಿ ನೋಡಿ ಬರೆದು ತರಲು ಹೇಳಿದೆವು. ಎಡಕ್ಕೆ ಕನ್ನಡದಲ್ಲಿ, ಬಲಕ್ಕೆ ಇಂಗ್ಲಿಷಿನಲ್ಲಿ. ಯಾವ ಕಾಯಿಲೆಗೆ, ದಿನಕ್ಕೆಷ್ಟು ಎಂಬುದೂ ಇರಬೇಕು. ಆ ಚೀಟಿಯನ್ನು ಹಿರಿಯರ ಚೀಲದಲ್ಲೋ ಆಧಾರ್ ಕಾರ್ಡಿನ ಜೊತೆಯಲ್ಲೋ ಇಡಬೇಕು. ಕೆಲವು ಮಕ್ಕಳು ತಾಯಿ ತಂದೆಯರಿಗೇ ತಿಳಿಯದ ಗುಳಿಗೆಗಳ ಹೆಸರನ್ನು ಬರೆದು ತಂದರು. ಓದುಗ ಬಂಧುಗಳ ಮನೆಯ ಮಕ್ಕಳಿಗೂ ಒಂದು ಭಾನುವಾರ ಈ ಕೆಲಸ ಕೊಡಬಹುದು.

ಅತ್ತೆಯವರು ಈಗ ಆರೋಗ್ಯವಾಗಿದ್ದಾರೆ. ಅವರ ಚೀಟಿಯನ್ನು ಮೊಮ್ಮಗಳೇ ಬರೆದುಕೊಟ್ಟಿದ್ದಾಳೆ. ಅದನ್ನು ಅವರು ಸೆರಗಿನ ಗಂಟಿನಲ್ಲಿ ಗುಳಿಗೆಯ ಜೊತೆಯಲ್ಲಿಯೇ ಕಟ್ಟಿಕೊಳ್ಳುತ್ತಾರೆ.